ಗಮೇಲಾ ಸಾಲಿನಲ್ಲಿ ಒಬ್ಬ ಬಾಣಂತಿ

ಸಂಸ್ಥೆಯವರು ನಮಗೆಲ್ಲ ಒಂದೊಂದು ಚಿತ್ರಗಳ ಕಟ್ಟು ಕೊಟ್ಟಿದ್ದರು. ಅದರಲ್ಲಿನ ಒಂದು ಹಾಳೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬೆಳ್ಳಗಿನ ಹೆಂಗಸೊಬ್ಬಳು ಮಂಚದ ಮೇಲೆ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಾಳೆ. ಕಿಟಕಿಯಿಂದ ಎಳೆಬಿಸಿಲು. ಪಕ್ಕದ ಸ್ಟೂಲಿನ ಮೇಲೆ ಹಣ್ಣು ತುಂಬಿದ ತಟ್ಟೆ. ತೊಡೆಯ ಮೇಲೆ ಹಾಲು ಕುಡಿಯುತ್ತಿರುವ ದುಂಡು ಕೂಸು. ಕೆಳಗೆ ಮರಾಠಿಯಲ್ಲಿ ದಪ್ಪ ಅಕ್ಷರಗಳು: ಆರು ತಿಂಗಳು ತಾಯಿಹಾಲು ಮಾತ್ರ, ನೀರೂ ಬೇಡ.

ಇದನ್ನು ಬಗಲಲ್ಲಿ ಇಟ್ಟುಕೊಂಡು ನಾನು ಕಟ್ಟಡ ಕೂಲಿಗಳ ಪತ್ರಾ ಶೆಡ್ಡುಗಳಿಗೆ, ಅಂದರೆ ತಗಡಿನ ಗುಡಿಸಲುಗಳಿಗೆ, ಹೋಗಬೇಕಿತ್ತು. ಅಲ್ಲಿ ಮಂಚವಿಲ್ಲ, ದಿಂಬಿಲ್ಲ. ಸಿಮೆಂಟಿನ ಖಾಲಿ ಚೀಲ ಹಾಸಿದ ನೆಲ, ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಬೇಸಿಗೆಯಲ್ಲಿ ತಲೆಯ ಮೇಲೆ ಕಾದ ಹಂಚಿನಂಥ ತಗಡು. ಆ ಹೆಂಗಸರು ಚಿತ್ರ ನೋಡಿ ನಗುತ್ತಿದ್ದರು. ಒಬ್ಬಳು ಕೇಳಿಯೂ ಬಿಟ್ಟಿದ್ದಳು: "ಈಕಿ ಗಂಡ ಏನ್ ಕೆಲಸ ಮಾಡತಾನ್ರಿ?"

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದವಳು. ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು, ಕೋಥರೂಡಿನ ಒಂದು ಸೊಸೈಟಿಯಲ್ಲಿ ಎರಡನೇ ಮಹಡಿಯ ಮನೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಆರೋಗ್ಯದ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯವರು ಕನ್ನಡ ಬಲ್ಲ ಹೆಂಗಸು ಬೇಕೆಂದು ಹುಡುಕುತ್ತಿದ್ದಾರೆಂದು ತಿಳಿದು ಹೋದೆ. ಅವರ ಕೆಲಸವಿದ್ದದ್ದು ಯೆರವಡಾದ ವಸ್ತಿಗಳೆನ್ನುವ ಕೊಳೆಗೇರಿಗಳಲ್ಲಿ ಮತ್ತು ಊರ ತುಂಬ ಏಳುತ್ತಿದ್ದ ಕಟ್ಟಡಗಳ ಶೆಡ್ಡುಗಳಲ್ಲಿ. ಶೆಡ್ಡುಗಳಲ್ಲಿದ್ದವರು ಹೆಚ್ಚಿನಂಶ ನಮ್ಮ ಕಡೆಯವರೇ. ವಿಜಾಪುರ, ಕಲಬುರ್ಗಿ, ರಾಯಚೂರು. ಸಂಸ್ಥೆಯ ಉಳಿದ ಸ್ವಯಂಸೇವಕಿಯರು ಮರಾಠಿಯಲ್ಲಿ ಹೇಳಿ ಹೇಳಿ ಸಾಕಾಗಿ, "ಈ ಜನಕ್ಕೆ ತಿಳಿಯುವುದೇ ಇಲ್ಲ" ಎಂದು ಕೈಚೆಲ್ಲಿದ್ದರು. ತಿಳಿಯದೇ ಇದ್ದದ್ದು ಭಾಷೆ. ಅವರು ಬುದ್ಧಿ ಎಂದುಕೊಂಡಿದ್ದರು. ನನ್ನ ಮೊದಲ ಸಿಟ್ಟು ಅಲ್ಲಿಂದ ಶುರುವಾಯಿತು.

ಕೆಲಸ ಸರಳವಾಗಿತ್ತು. ಬಸುರಿಯರ ಮನೆಗೆ ಹೋಗುವುದು, ಹೆರಿಗೆಯಾದ ಕೂಡಲೇ ಮೊದಲ ಹಾಲನ್ನು ಚೆಲ್ಲದೆ ಕೂಸಿಗೆ ಕುಡಿಸುವಂತೆ ಹೇಳುವುದು, ಸಕ್ಕರೆನೀರು, ಜೇನು, ಬಾಟಲಿ ಯಾವುದೂ ಬೇಡವೆನ್ನುವುದು, ಕೂಸನ್ನು ಎದೆಗೆ ಹೇಗೆ ಹಿಡಿಯಬೇಕೆಂದು ತೋರಿಸುವುದು. ಮೊದಮೊದಲು ನಾಲ್ಕು ತಿಂಗಳು ಬರೀ ತಾಯಿಹಾಲು ಎಂದು ಹೇಳಿಸುತ್ತಿದ್ದರು. ಕೆಲವು ವರ್ಷಗಳ ಮೇಲೆ ಒಂದು ದಿನ ಕರೆದು, ಇನ್ನು ಮುಂದೆ ಆರು ಎನ್ನಿ ಎಂದರು. ಮಕ್ಕಳಿಗೆ ಅದೇ ಒಳ್ಳೆಯದಂತೆ. ಇರಲಿ, ನಾನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಆ ಸಭೆಯಲ್ಲಿ ಹೆಚ್ಚಿಗೆ ಬಂದ ಎರಡು ತಿಂಗಳನ್ನು ಗಾರೆ ಹೊರುವ ಹೆಂಗಸು ಎಲ್ಲಿಂದ ತರಬೇಕು ಎಂದು ಯಾರೂ ಕೇಳಲಿಲ್ಲ. ಚಹಾ ಬಂತು, ಕುಡಿದು ಎದ್ದೆವು.

ಆ ಹೊತ್ತಿಗೆ ನಮ್ಮ ಸೊಸೈಟಿಯ ಪಕ್ಕದ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಶುರುವಾಯಿತು. ನಮ್ಮ ಗ್ಯಾಲರಿಯಲ್ಲಿ ನಿಂತರೆ ಗೋಡೆಯಾಚೆಗೆ ಶೆಡ್ಡುಗಳು, ಮರಳಿನ ಗುಡ್ಡೆ, ನೀರಿನ ಟ್ಯಾಂಕರು ಎಲ್ಲ ಕಾಣುತ್ತಿದ್ದವು. ಅಲ್ಲಿಯೇ ನಾನು ಆ ಹುಡುಗಿಯನ್ನು ಕಂಡದ್ದು. ಮುದ್ದೇಬಿಹಾಳದ ಕಡೆಯವಳು. ತುಂಬು ಬಸುರಿ, ತಲೆಯ ಮೇಲೆ ಇಟ್ಟಿಗೆ. ಇಪ್ಪತ್ತು ದಾಟಿರಲಿಕ್ಕಿಲ್ಲ. ಗಂಡ ಅದೇ ಸೈಟಿನಲ್ಲಿ ಕಬ್ಬಿಣ ಕಟ್ಟುವವನು, ಜೊತೆಗೆ ಅತ್ತೆ. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಇಟ್ಟಿಗೆ ಇಳಿಸಿ ನನ್ನ ಮುಖವನ್ನೇ ನೋಡಿದಳು.

"ಅಯ್ಯ, ನೀವು ನಮ್ಮ ಕಡೀಯವ್ರೇನ್ರಿ? ಮತ್ತ ಮರಾಠಿ ಬಾಯಾರಂಗ ಸೀರಿ ಉಟ್ಟೀರಿ?"

ಅಂದಿನಿಂದ ನಾನು ಅವಳಿಗೆ ಅಕ್ಕಾರಾದೆ.

ನಗರಪಾಲಿಕೆಯ ಹೆರಿಗೆ ದವಾಖಾನೆಯಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ನಾನು ಹೋಗುವಷ್ಟರಲ್ಲಿ ಅಲ್ಲಿನ ಆಯಾ ಹತ್ತಿ ಅದ್ದಿ ಸಕ್ಕರೆನೀರು ಕುಡಿಸಲು ಸಜ್ಜಾಗಿ ನಿಂತಿದ್ದಳು. ಬೇಡವೆಂದು ಜಗಳವಾಡಿ ಕೂಸನ್ನು ಹುಡುಗಿಯ ಎದೆಗೆ ಹಚ್ಚಿಸಿದೆ. ಮೊದಲು ಬಾಯಿ ಜಾರಿತು, ಮತ್ತೆ ಜಾರಿತು, ಆಮೇಲೆ ಹಿಡಿಯಿತು. ಹುಡುಗಿ ನೋವಿಗೆ ಹಲ್ಲು ಕಚ್ಚಿ, ಹಾಗೆಯೇ ನಕ್ಕಳು. ಅತ್ತೆ ಮಂಚದ ಕಾಲ ಬಳಿ ಕೂತು, "ಗಿಣ್ಣದ ಹಾಲು ಕೂಸಿಗಿ ಜಡಾ ಆಗತೈತಿ, ಚೆಲ್ಲಬೇಕು ಅಂತಿದ್ರು ನಮ್ಮ ಕಾಲದಾಗ" ಎಂದು ಗೊಣಗಿದರೂ ಅಡ್ಡ ಬರಲಿಲ್ಲ. ಹೀಗೆ ಶುರುವಾದ ಮೊದಲ ವಾರಗಳು ಚೆನ್ನಾಗಿಯೇ ಹೋದವು. ಕೂಸು ಮೈ ತುಂಬಿಕೊಂಡಿತು. ನಾನು ದಿನವೂ ಮಧ್ಯಾಹ್ನ ಗೋಡೆಯ ಪಕ್ಕದ ಸಂದಿಯಿಂದ ಶೆಡ್ಡಿಗೆ ಹೋಗಿ, ಮೂಗಿಗೆ ಹಾಲಿನ ವಾಸನೆ ತುಂಬಿಕೊಂಡು ಬರುತ್ತಿದ್ದೆ.

ಒಂದು ಮಧ್ಯಾಹ್ನ ಹೋದರೆ ಶೆಡ್ಡಿನಲ್ಲಿ ಅತ್ತೆ, ಕೂಸು ಇಬ್ಬರೇ. ಹುಡುಗಿ ಕೆಲಸಕ್ಕೆ ಹೋಗಿದ್ದಳು.

"ಇಷ್ಟ ಲಗೂ ಯಾಕ ಕಳಸಿದ್ರಿ?" ಎಂದೆ.

"ನಾ ಯಾಕ ಕಳಸ್ಲಿ? ಮುಕಾದಮ ಬಂದಿದ್ದ. ಕೆಲಸಕ್ಕ ಬರೂ ಮಂದಿಗಿ ಅಷ್ಟ ಶೆಡ್ಡು, ಇಲ್ಲಾಂದ್ರ ಖಾಲಿ ಮಾಡ್ರಿ ಅಂದ. ಹಸಿ ಬಾಣಂತೀನ್ನ ಕರಕೊಂಡು ಎಲ್ಲಿಗಿ ಹೋಗೂಣ್ರಿ?"

ಮುಕಾದಮನೆಂದರೆ ಕೂಲಿಗಳನ್ನು ಊರಿನಿಂದ ಕರೆತಂದು ಕೆಲಸ ಮಾಡಿಸುವವನು. ಅವನೂ ವಿಜಾಪುರದ ಕಡೆಯವನೇ. ಅವನ ಕಟ್ಟಳೆಯಂತೆ ಬೆಳಿಗ್ಗೆ ಮೇಲೆ ಹತ್ತಿದವರು ಊಟದ ಹೊತ್ತಿಗೇ ಇಳಿಯಬೇಕು, ಊಟ ಮುಗಿಸಿ ಹತ್ತಿದವರು ಸಂಜೆಗೆ. ನಡುವೆ ಇಳಿದರೆ ಅರ್ಧ ದಿನ ಹೋಯಿತು. ಕೂಸು ಕೆಳಗೆ, ತಾಯಿ ಮೇಲೆ. ಕೂಸಿಗೆ ಅರ್ಧ ದಿನ ಕಾಯಲು ಬರುವುದಿಲ್ಲ.

ನಾನು ನನಗೆ ಕಲಿಸಿದ್ದನ್ನೆಲ್ಲ ಮಾಡಿದೆ. ಬೆಳಿಗ್ಗೆ ಹೋಗುವ ಮುಂಚೆ ಹಾಲು ಹಿಂಡಿ ತೊಳೆದ ಬಟ್ಟಲಿನಲ್ಲಿ ಮುಚ್ಚಿಡು, ಅತ್ತೆ ಚಮಚೆಯಿಂದ ಕುಡಿಸಲಿ ಎಂದೆ. ಹುಡುಗಿ ಹಿಂಡಿಟ್ಟಳು. ತಗಡಿನ ಕೆಳಗಿನ ಕಾವಿಗೆ, ನೊಣಕ್ಕೆ, ಮರಳಿನ ದೂಳಿಗೆ ಅದು ಉಳಿಯಲಿಲ್ಲ. ಅತ್ತೆ ಮೂಸಿ ನೋಡಿ ಚೆಲ್ಲಿದಳು. ಮೇಲೆ ಹುಡುಗಿಯ ಎದೆ ಕಲ್ಲಾಗಿ ಕುಪ್ಪಸ ನೆನೆದು ಅದರ ಮೇಲೆ ಸಿಮೆಂಟು ಕೂತು ಗಟ್ಟಿಯಾಗುತ್ತಿತ್ತು. ಸಂಜೆ ಅವಳು ಅದನ್ನು ಬಿಸಿನೀರು ಹಾಕಿ ಬಿಡಿಸಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಳಗೆ ಹಸಿದು ಅಳುವ ಕೂಸು, ಮೇಲೆ ಸೋರಿ ಹೋಗುವ ಹಾಲು, ನಡುವೆ ಒಂದು ಮರದ ಏಣಿ. ಇದಕ್ಕಿಂತ ಹೊಲಸು ಏರ್ಪಾಡು ಯಾವುದಿದ್ದೀತು?

ಕೊನೆಗೆ ಅತ್ತೆ ಗ್ಲುಕೋಸ್ ಬಿಸ್ಕೀಟನ್ನು ಟ್ಯಾಂಕರಿನ ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸತೊಡಗಿದಳು. ನನಗೆ ಗೊತ್ತಾದಾಗ ಬಾಟಲಿಯ ರಬ್ಬರಿನ ಮೇಲೆ ನೊಣ ಕೂತಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಅತ್ತೆ ಸಿಡಿದಳು.

"ಅಳೂ ಕೂಸಿನ ಮುಂದ ನಿಮ್ಮ ಚಿತ್ರಾ ಹಿಡೀಲೇನ್ರಿ ಬಾಯಾರ? ನನ್ನ ಎದ್ಯಾಗ ಹಾಲು ಬರೂದಿಲ್ಲ. ಬಂದ್ರ ಕುಡಸತಿದ್ನಿ."

ಆ ಮುದುಕಿಯ ಸಿಟ್ಟು ನ್ಯಾಯವಾದದ್ದಾಗಿತ್ತು. ನಾನು ಹೇಳಬೇಕಾದದ್ದು ಅವಳಿಗಲ್ಲ, ಬೇರೆಯವರಿಗೆ.

ಕೆಲವೇ ದಿನಗಳಲ್ಲಿ ಕೂಸಿಗೆ ಜುಲಾಬು ಹಿಡಿಯಿತು. ನೀರಿನಂತೆ ಹೋಗುತ್ತಿತ್ತು. ಕಣ್ಣು ಒಳಕ್ಕೆ ಹೋದವು, ನೆತ್ತಿ ಕುಳಿ ಬಿತ್ತು, ಅಳುವ ಶಕ್ತಿಯೂ ಉಳಿಯಲಿಲ್ಲ. ಅತ್ತೆ ಗೋಡೆಯ ಬಳಿ ಬಂದು ನಿಂತು ಕೂಗಿದಳು. ನಾನು ಒಲೆ ಆರಿಸಿ ಇಳಿದು ಓಡಿದೆ. ರಿಕ್ಷಾದಲ್ಲಿ ಹುಡುಗಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು, "ಕಣ್ಣ ತಗೀ ನನ್ನವ್ವ, ಕಣ್ಣ ತಗೀ" ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅವಳ ಕೈಗೆ ಅಂಟಿದ್ದ ಸಿಮೆಂಟು ಕೂಸಿನ ಕೆನ್ನೆಗೂ ಹತ್ತಿತ್ತು.

ದವಾಖಾನೆಯಲ್ಲಿ ಕೂಸಿಗೆ ಸಲಾಯಿನ್ ಹಚ್ಚಿದರು. ಡಾಕ್ಟರು ಹರೆಯದವರು, ಕೆಲಸ ಬಲ್ಲವರು, ಕೂಸನ್ನು ಉಳಿಸಿದವರು ಅವರೇ. ಅದನ್ನು ಮರೆಯುವುದಿಲ್ಲ. ಆದರೆ ಸೂಜಿ ಹಾಕಿ ಮುಗಿದ ಕೂಡಲೇ ಹುಡುಗಿಯ ಕಡೆ ತಿರುಗಿ ಮರಾಠಿಯಲ್ಲಿ ಬೈಯತೊಡಗಿದರು. ನಿನಗೆ ಅಕ್ಕಲ್ ಇಲ್ಲವೇ, ಬಾಟಲಿ ಯಾಕೆ ಕೊಟ್ಟೆ, ಎದೆಯಲ್ಲಿ ಹಾಲಿಟ್ಟುಕೊಂಡು ಕೂಸಿಗೆ ವಿಷ ಕುಡಿಸಿದೆಯಾ, ನಿಮಗೆಲ್ಲ ಹೆರುವುದೊಂದೇ ಗೊತ್ತು. ಇಡೀ ವಾರ್ಡಿಗೆ ಕೇಳುವಂತೆ.

ಹುಡುಗಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ನನ್ನ ಕಡೆ ನೋಡಿದಳು. "ಏನಂತಾರ್ರಿ ಅಕ್ಕಾರ?"

ಡಾಕ್ಟರು ನನಗೆ, "ಹೇಳಿ ಅವಳಿಗೆ, ಸರಿಯಾಗಿ ತಿಳಿಯುವಂತೆ ಹೇಳಿ" ಎಂದರು. ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಮಾತು ದಾಟಿಸುವುದೇ ನನ್ನ ಕೆಲಸವಾಗಿತ್ತಲ್ಲ. ಅಂದು ನಾನು ದಾಟಿಸಲಿಲ್ಲ. ಹುಡುಗಿಗೆ, "ಕೂಸು ಉಳೀತದಂತ, ಹೆದರಬ್ಯಾಡ" ಎಂದೆ. ಡಾಕ್ಟರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದೆ, "ಅವಳ ಕುಪ್ಪಸ ನೋಡಿ. ಮೇಲೆ ಒಣಗಿರುವುದು ಸಿಮೆಂಟು, ಕೆಳಗಿರುವುದು ಹಾಲು. ಹಾಲಿಲ್ಲದೆ ಬಾಟಲಿ ಕೊಟ್ಟದ್ದಲ್ಲ. ಕೆಲಸದಿಂದ ಕೆಳಗೆ ಇಳಿಯಲು ಬಿಡದ್ದಕ್ಕೆ ಕೊಟ್ಟದ್ದು. ಬೈಯುವುದಿದ್ದರೆ ಇಳಿಯಲು ಬಿಡದವರ ವಿಳಾಸ ಕೊಡುತ್ತೇನೆ, ಕೋಥರೂಡಿಗೆ ಬಂದು ಬೈಯಿರಿ."

ಅವರು, "ಹಾಗಾದರೆ ಕೆಲಸ ಬಿಡಬೇಕು" ಎಂದು ಮುಂದಿನ ಹಾಸಿಗೆಗೆ ಹೋದರು.

ಕೆಲಸ ಬಿಡಬೇಕು! ಎಷ್ಟು ಹಗುರವಾಗಿ ಹೇಳಿದರು. ಬಿಟ್ಟರೆ ಶೆಡ್ಡು ಹೋಗುತ್ತದೆ, ಶೆಡ್ಡು ಹೋದರೆ ಗಂಡನ ಕೆಲಸ ಹೋಗುತ್ತದೆ, ಊರಿಗೆ ಮರಳಿದರೆ ಅಲ್ಲಿ ಕೂಲಿಯೂ ಇಲ್ಲ. ಇದೆಲ್ಲ ಆ ವಾರ್ಡಿನಲ್ಲಿ ಯಾರಿಗೂ ಬೇಡವಾದ ಮಾತು.

ಕೂಸು ಮನೆಗೆ ಬಂತು. ಆದರೆ ಈ ನಡುವೆ ಹುಡುಗಿಯ ಹಾಲು ಇಳಿದುಹೋಗಿತ್ತು. ಎದೆ ಖಾಲಿಯಾದಷ್ಟೂ ಹಾಲು ತುಂಬುತ್ತದೆ, ಕೂಸು ಕುಡಿಯದಿದ್ದರೆ ಮೈ ಹಾಲು ಮಾಡುವುದನ್ನೇ ಬಿಡುತ್ತದೆ. ಆ ವಾರ ಅವಳ ಗಂಡ ಮುಕಾದಮನ ಕೈಕಾಲು ಹಿಡಿದು ಹೆಂಡತಿಗೆ ನಾಲ್ಕೊಪ್ಪತ್ತು ಬಿಡುವು ಕೇಳಿಕೊಂಡ. ಆಗ ನಾವು ಮೂವರು ಹೆಂಗಸರು ಪಟ್ಟು ಹಿಡಿದು ಕೂತೆವು. ಕೂಸು ತುಸು ಬಾಯಾಡಿಸಿದರೂ ಎದೆಗೆ ಹಚ್ಚುವುದು. ಅದು ಚೀಪಿ ಸಿಗದೆ ಕಿರುಚುವುದು. ಹುಡುಗಿ ಅಳುವುದು. ಮತ್ತೆ ಹಚ್ಚುವುದು. ಅತ್ತೆ ನವಣೆಯ ಗಂಜಿ, ಬೆಳ್ಳುಳ್ಳಿ ಹಾಕಿದ ಸಾರು, ಸಬ್ಬಸಿಗೆ ಪಲ್ಯ ಮಾಡಿ ಸೊಸೆಗೆ ತಿನ್ನಿಸಿದಳು. ಬಾಟಲಿಯನ್ನು ತಾನೇ ಒಯ್ದು ಕಸದ ಗುಂಡಿಗೆ ಎಸೆದಳು. ಕೊನೆಗೊಂದು ಮಧ್ಯಾಹ್ನ ಕೂಸಿನ ಗಂಟಲಿನಲ್ಲಿ ನುಂಗುವ ಸದ್ದು ಕೇಳಿತು. ಹುಡುಗಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಶೆಡ್ಡಿನಲ್ಲಿ ಆ ಗುಟುಕು ಗುಟುಕು ಸದ್ದೊಂದೇ.

ಬಿಡುವು ಮುಗಿಯುತ್ತ ಬಂದಿತ್ತು. ಮುಂದೇನು? ನಾನು ಮುಕಾದಮನ ಬಳಿ ಹೋದೆ. ಹಾಲುಣಿಸಲು ಅವಳನ್ನು ನಡುವೆ ಎರಡು ಸಲ ಇಳಿಯಲು ಬಿಡಬೇಕೆಂದೆ. ಅವನು ಕೆಟ್ಟವನಂತೆ ಮಾತಾಡಲಿಲ್ಲ, ಕುರ್ಚಿ ತರಿಸಿದ.

"ಅಕ್ಕಾರ, ನಂಗೂ ಮಕ್ಕಳದಾವ. ಒಬ್ಬಾಕಿಗಿ ಬಿಟ್ರ ನಾಳಿ ಎಲ್ಲಾರೂ ಕೇಳತಾರ. ಎಲ್ಲಾ ಹೆಣಮಕ್ಳು ಮ್ಯಾಲ ಕೆಳಗ ಓಡ್ಯಾಡಿದ್ರ ಬಿಲ್ಡಿಂಗ ಏಳತೈತೇನ್ರಿ?"

"ಅಕಿ ಇಳದು ಹತ್ತೂದು ಎಷ್ಟ ಹೊತ್ತು?"

"ಹೊತ್ತಿನ ಮಾತಲ್ಲರಿ. ಪದ್ಧತಿ ಮಾತು."

ಪದ್ಧತಿ ಎಂದರೆ ಅವನು ಹೇಳಿದ್ದು, ಅಷ್ಟೆ. ನಾನು ಸಂಸ್ಥೆಯ ಮುಖ್ಯಸ್ಥೆಯ ಬಳಿ ಹೋಗಿ, ನೀವು ಬಂದು ಬಿಲ್ಡರನ ಹತ್ತಿರ ಮಾತಾಡಿ ಎಂದೆ. ಅವರು ಓದಿದ, ಮೆದುದನಿಯ ಹೆಂಗಸು. ನನ್ನ ಮಾತೆಲ್ಲ ಕೇಳಿ, "ನಮ್ಮ ಕೆಲಸ ತಾಯಂದಿರಿಗೆ ಮಾಹಿತಿ ಕೊಡುವುದು. ಕೂಲಿಯ ವ್ಯವಹಾರಕ್ಕೆ ಕೈಹಾಕಿದರೆ ನಾಳೆ ಯಾವ ಸೈಟಿನವರೂ ನಮ್ಮನ್ನು ಒಳಗೆ ಬಿಡುವುದಿಲ್ಲ" ಎಂದರು. ಅವರ ಮಾತಿನಲ್ಲೂ ತಥ್ಯವಿತ್ತು. ಎಲ್ಲರ ಮಾತಿನಲ್ಲೂ ತಥ್ಯವಿತ್ತು, ಕೂಸಿನ ಹೊಟ್ಟೆಯಲ್ಲಿ ಮಾತ್ರ ಏನೂ ಇರಲಿಲ್ಲ. ಮಾಹಿತಿ! ಆ ಹುಡುಗಿಗೆ ಮಾಹಿತಿಯ ಕೊರತೆ ಇರಲೇ ಇಲ್ಲ. ಅವಳು ಹಾಲುಣಿಸುವುದರ ಬಗ್ಗೆ ನಮ್ಮೆಲ್ಲರಿಗೂ ಪಾಠ ಹೇಳಬಹುದಿತ್ತು.

ಮೊದಲ ಮಹಡಿಯ ಮೇಲೆ ಸ್ಲ್ಯಾಬ್ ಹಾಕುವ ದಿನ ಬಂತು. ಆ ದಿನ ಸೈಟಿನಲ್ಲಿ ಯಾರಿಗೂ ಬಿಡುವಿಲ್ಲ. ಕೆಳಗೆ ಮಿಕ್ಸರು ಗಡಗಡ ತಿರುಗುತ್ತದೆ, ಕಲಸಿದ ಕಾಂಕ್ರೀಟನ್ನು ಗಮೇಲಾ ಎನ್ನುವ ಕಬ್ಬಿಣದ ಬುಟ್ಟಿಯಲ್ಲಿ ತುಂಬಿ, ಏರು ಹಲಗೆಯುದ್ದಕ್ಕೂ ಸಾಲಾಗಿ ನಿಂತ ಹೆಂಗಸರು ಕೈಯಿಂದ ಕೈಗೆ ದಾಟಿಸುತ್ತ ಮೇಲಕ್ಕೆ ಮುಟ್ಟಿಸುತ್ತಾರೆ. ಶುರುವಾದ ಮೇಲೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಿಂತರೆ ಹಳೆಯದು ಗಟ್ಟಿಯಾಗಿ, ಹೊಸದರೊಂದಿಗೆ ಕೂಡದೆ, ಮುಂದೆ ಅಲ್ಲಿಂದ ನೀರು ಸೋರುತ್ತದಂತೆ.

ನಾನು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಹುಡುಗಿ ಹಲಗೆಯ ನಡುಮಧ್ಯದಲ್ಲಿ ನಿಂತಿದ್ದಳು. ಕೆಳಗೆ ಶೆಡ್ಡಿನ ಬಾಗಿಲಲ್ಲಿ ಅತ್ತೆ ಬಂದು ನಿಂತಳು, ಕೈಯಲ್ಲಿ ಕೂಸು. ಮಿಕ್ಸರಿನ ಸದ್ದಿಗೆ ಅಳು ಕೇಳಿಸುತ್ತಿರಲಿಲ್ಲ, ಆದರೆ ಕೂಸಿನ ಬಾಯಿ ಅಗಲವಾಗಿ ತೆರೆದದ್ದು ಅಲ್ಲಿಂದಲೇ ಕಾಣುತ್ತಿತ್ತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ ಸೊಸೆಗೆ ತೋರಿಸಿದಳು. ಹುಡುಗಿ ನೋಡಿದಳು. ಗಮೇಲಾ ಬಂತು, ದಾಟಿಸಿದಳು. ಮತ್ತೆ ನೋಡಿದಳು. ಗಮೇಲಾ ಬಂತು, ದಾಟಿಸಿದಳು. ಒಂದು ಸಲ ಅವಳು ಕಾಲು ಕೆಳಗಿಟ್ಟದ್ದಕ್ಕೆ ಮುಕಾದಮ ಕೆಳಗಿನಿಂದ ಕೂಗಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಕುಪ್ಪಸದ ಮುಂಭಾಗ ಎರಡೂ ಕಡೆ ಕಪ್ಪಗೆ ಒದ್ದೆಯಾಗಿತ್ತು.

ಬಕೀಟಿನಲ್ಲಿ ಬಟ್ಟೆ ಹಾಗೆಯೇ ಉಳಿಯಿತು. ಸೈಟಿಗೆ ಹೇಗೆ ಹೋದೆನೆಂದು ನೆನಪಿಲ್ಲ. ಮುಕಾದಮನ ಎದುರು ನಿಂತಿದ್ದೆ.

"ಆ ಹುಡುಗೀನ ಕೆಳಗ ಕಳಸ್ರಿ."

"ಇವತ್ತ ಆಗೂದಿಲ್ರಿ ಅಕ್ಕಾರ. ಸಾಲು ಮುರೀತೈತಿ. ಆಕಿ ಜಾಗಾದಾಗ ಯಾರ ನಿಂದ್ರತಾರ?"

"ನಾ ನಿಂದ್ರತೀನಿ."

ಅವನು ನಕ್ಕ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಹಲಗೆ ಹತ್ತತೊಡಗಿದೆ. ಅವನ ನಗು ನಿಂತಿತು. ಹಿಂದೆಯೇ ಓಡಿ ಬಂದ.

"ಇಳೀರಿ! ನೀವು ಬಿದ್ರ ನನ್ನ ಜೇಲಿಗಿ ಹಾಕತಾರ!"

"ಆಕಿ ಬಿದ್ರ?" ಎಂದೆ. "ಹೇಳ್ರಿ. ಆಕಿ ಬಿದ್ರ ಯಾರನ್ನ ಹಾಕತಾರ?"

ಹುಡುಗಿಯ ಬಳಿ ಮುಟ್ಟಿದೆ. ಕೆಳಗೆ ನೋಡಬಾರದೆಂದು ಗೊತ್ತಿದ್ದೂ ನೋಡಿದೆ. "ಹೋಗು, ಕುಡಿಸಿ ಬಾ" ಎಂದೆ. ಅವಳು ನನ್ನ ಮುಖ ನೋಡಿ, ಮುಕಾದಮನ ಮುಖ ನೋಡಿ, ಹಲಗೆಯ ಮೇಲೆ ಬರಿಗಾಲಲ್ಲಿ ಓಡುತ್ತ ಇಳಿದಳು. ಮೊದಲ ಗಮೇಲಾ ನನ್ನ ಕೈಗೆ ಬಂತು. ಅಂಥ ಭಾರ ನಾನು ಜನ್ಮದಲ್ಲಿ ಎತ್ತಿರಲಿಲ್ಲ. ಹೊಟ್ಟೆಗೆ ಆನಿಸಿಕೊಂಡು ಹೇಗೋ ಮೇಲಿನವಳಿಗೆ ಕೊಟ್ಟೆ. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು. ಎರಡನೆಯದು, ಮೂರನೆಯದು. ಅಂಚು ಅಂಗೈ ಕೊಯ್ಯುತ್ತಿತ್ತು. ಹೆಂಗಸರು ಮೊದಲು ದಂಗಾಗಿ ನೋಡಿದರು, ಆಮೇಲೆ ಒಬ್ಬಳು ನಕ್ಕಳು, ಆಮೇಲೆ ಸಾಲಿಗೆ ಸಾಲೇ ನಗತೊಡಗಿತು. ನನಗೆ ನಗು ಬರಲಿಲ್ಲ. ಅಳು ಬರುವಷ್ಟು ಸಿಟ್ಟಿತ್ತು.

ನನ್ನ ಕೆಳಗೆ ನಿಂತಿದ್ದ ವಯಸ್ಸಾದ ಹೆಂಗಸು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. "ಸಾಕ್ ಬಿಡ್ರಿ ಅಕ್ಕಾರ, ನಿಮ್ಮ ಕೈಯಾಗ ಆಗೂದಿಲ್ಲ" ಎಂದು, ಮೇಲಿನವಳಿಗೆ ಕೂಗಿದಳು: "ಏ, ನೀ ಒಂದ ಹೆಜ್ಜಿ ಕೆಳಗ ಬಾ. ನಾ ಒಂದ ಹೆಜ್ಜಿ ಮ್ಯಾಲ ಬರತೀನಿ." ಇಬ್ಬರೂ ಸರಿದರು. ಅವರ ಮೇಲಿನವರು ಕೆಳಗಿನವರು ಒಂದಿಷ್ಟು ಸರಿದರು. ಸಾಲು ಕೂಡಿಕೊಂಡಿತು. ಗಮೇಲಾ ಮೊದಲಿನಂತೆಯೇ ಹರಿಯತೊಡಗಿತು, ಹುಡುಗಿಯೂ ಬೇಡ, ನಾನೂ ಬೇಡ.

ಅಷ್ಟೇ. ಆ ಬಿಲ್ಡಿಂಗು ಏಳದಂತೆ ಮಾಡುತ್ತಿದ್ದ ಮಹಾ ಸಮಸ್ಯೆಗೆ ಬೇಕಾಗಿದ್ದದ್ದು ಅಷ್ಟೇ. ಕೆಲವು ಹೆಂಗಸರು ಒಂದೊಂದು ಹೆಜ್ಜೆ ಸರಿದು ನಿಲ್ಲುವುದು. ಇದಕ್ಕಾಗಿ ಆ ಕೂಸು ಸಾವಿನ ಬಾಗಿಲು ನೋಡಿ ಬಂದಿತ್ತು. ನನಗೆ ಆ ಹಲಗೆಯ ಮೇಲೆ ನಿಂತು ಮುಕಾದಮನನ್ನು, ಬಿಲ್ಡರನನ್ನು, ಡಾಕ್ಟರನ್ನು, ನಮ್ಮ ಮುಖ್ಯಸ್ಥೆಯನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈಯಬೇಕೆನಿಸಿತು. ಕಾಲು ನಡುಗುತ್ತಿದ್ದರಿಂದ ಮೊದಲು ಇಳಿದೆ.

ಹುಡುಗಿ ಶೆಡ್ಡಿನ ಬಾಗಿಲಲ್ಲಿ ಗೋಡೆಗೊರಗಿ ಕೂತು ಕುಡಿಸುತ್ತಿದ್ದಳು. ಮುಗಿಸಿ, ಬಾಯಿ ಒರೆಸಿ, ಕೂಸನ್ನು ಅತ್ತೆಗೆ ಕೊಟ್ಟು, ತಾನಾಗಿ ಮೇಲೆ ಹತ್ತಿದಳು. ಸಾಲಿನವರು ಮತ್ತೆ ಸರಿದು ಅವಳಿಗೆ ಜಾಗ ಕೊಟ್ಟರು. ಮುಕಾದಮ ನೋಡುತ್ತ ನಿಂತಿದ್ದ. ಅಂದಿನಿಂದ ಆ ಸೈಟಿನಲ್ಲಿ ಹಾಲುಣಿಸುವವರು ಬೇಕಾದಾಗ ಇಳಿದು ಹತ್ತಿದರು. ಅವನಾಗಿ ಅಪ್ಪಣೆ ಕೊಡಲಿಲ್ಲ, ತಡೆಯಲೂ ಇಲ್ಲ.

ಸಂಜೆ ಸೊಸೈಟಿಯ ಸೆಕ್ರೆಟರಿ ನಮ್ಮ ಮನೆಗೆ ಬಂದು ಹೋದರು. ಯಜಮಾನರು ಬಾಗಿಲು ಹಾಕಿ ಒಳಗೆ ಬಂದು, "ಎದುರಿನ ಗ್ಯಾಲರಿಯವ್ರೆಲ್ಲಾ ನೋಡ್ಯಾರಂತ. ನಾಳೆ ಮೀಟಿಂಗಿನ್ಯಾಗ ನಾ ಏನ್ ಹೇಳ್ಲಿ?" ಎಂದರು.

"ಹೆಂಡ್ತಿ ಸ್ಲ್ಯಾಬ್ ಹಾಕ್ಲಿಕ್ಕೆ ಹೋಗಿದ್ಲು ಅಂತ ಹೇಳ್ರಿ."

ಅವರು ಪೇಪರು ಕೈಗೆತ್ತಿಕೊಂಡರು. ಆಮೇಲೆ ನನ್ನ ಅಂಗೈ ನೋಡಿ, ಎದ್ದು ಅರಿಶಿನ ತಂದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಆ ರಾತ್ರಿ ಕುಕ್ಕರು ಇಟ್ಟವರೂ ಅವರೇ.

ಮುಖ್ಯಸ್ಥೆ ಬೈದರು. ಮೆದುದನಿಯಲ್ಲೇ. ನಾನು ಸಂಸ್ಥೆಯ ನಿಯಮ ಮೀರಿದ್ದೇನೆ, ಬಿಲ್ಡರನ ಕಚೇರಿಯಿಂದ ಫೋನು ಬಂದಿದೆ, ಇನ್ನು ಮುಂದೆ ನಾನು ಯೆರವಡಾದ ವಸ್ತಿಗಳನ್ನಷ್ಟೇ ನೋಡಿಕೊಳ್ಳಬೇಕು, ಸೈಟುಗಳು ಬೇಡ. ನಾನು ಚಿತ್ರಗಳ ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. "ಹಾಲುಣಿಸಿ ಎಂದು ಹೇಳುವುದು, ಉಣಿಸಲು ಬಿಡದವನಿಗೆ ನಮಸ್ಕಾರ ಹೇಳುವುದು, ಇವೆರಡೂ ನನ್ನಿಂದ ಒಟ್ಟಿಗೆ ಆಗುವುದಿಲ್ಲ" ಎಂದೆ. ಅವರು, "ನಿಮಗೆ ಸಿಟ್ಟು ಜಾಸ್ತಿ" ಎಂದರು. ಹೌದು, ಜಾಸ್ತಿ. ಕಟ್ಟಡ ಕೂಲಿಯ ಹೆಂಗಸರಿಗೆ ಕೆಲಸದ ನಡುವೆ ಹಾಲುಣಿಸುವ ಬಿಡುವಿಗೆ ಕಾನೂನಿನಲ್ಲೇ ಏರ್ಪಾಡಿತ್ತೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅಷ್ಟು ತರಬೇತಿ, ಅಷ್ಟು ಚಹಾ, ಆದರೂ ಆ ಒಂದು ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ.

ಸಂಸ್ಥೆ ಬಿಟ್ಟರೂ ಗೋಡೆಯಾಚೆ ಹೋಗುವುದನ್ನು ಬಿಡಲಿಲ್ಲ. ಕೂಸು ತಾಯಿಹಾಲಿನಲ್ಲೇ ಬೆಳೆದು ಕೂರಲು ಕಲಿಯಿತು. ಆರು ತಿಂಗಳು ತುಂಬಿದ ಮೇಲೆ ಅತ್ತೆ ಮೆತ್ತಗಿನ ಅನ್ನಕ್ಕೆ ಬೇಳೆಕಟ್ಟು ಹಾಕಿ ಕಿವುಚಿ ಮೊದಲ ತುತ್ತು ತಿನ್ನಿಸಿದಳು. ಅದು ಮುಖ ಕಿವುಚಿ ಉಗುಳಿತು. ಕಟ್ಟಡ ಮುಗಿದಾಗ ಅವರೆಲ್ಲ ತಗಡು, ಪಾತ್ರೆ, ಕೂಸುಗಳನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಕಾತ್ರಜದ ಆಚೆಗಿನ ಯಾವುದೋ ಸೈಟಿಗೆ ಹೋದರು.

ಕೆಲವು ವರ್ಷಗಳ ಮೇಲೆ ನಾನು ಧಾರವಾಡಕ್ಕೆ ಹೊರಟು ಕಾತ್ರಜದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಸೆರಗು ಹಿಡಿದೆಳೆದರು. ತಿರುಗಿದರೆ ಅವಳೇ. ಸೊರಗಿದ್ದಳು. ಪಕ್ಕದಲ್ಲಿ ಗಟ್ಟಿಮುಟ್ಟಾದ ಹುಡುಗಿ, ಕೈಯಲ್ಲಿ ವಡಾಪಾವ್.

"ಈಕೀನಽ ಏನು?" ಎಂದೆ.

"ಹೂಂ ರಿ, ಈಕೀನಽ. ಭಾಳ ಕಿಡಿಗೇಡಿ ಅದಾಳ." ನಕ್ಕಳು. ಆಮೇಲೆ ತಾನಾಗಿಯೇ ಹೇಳಿದಳು, "ಈಕಿ ಹಿಂದ ಒಂದ ಗಂಡು ಹುಟ್ಟಿತ್ರಿ ಅಕ್ಕಾರ. ಉಳೀಲಿಲ್ಲ."

"ಏನಾಗಿತ್ತು?"

"ಅದಽ ರಿ. ಬಾಟ್ಲಿ, ಜುಲಾಬು. ಈ ಸೈಟಿನ ಮುಕಾದಮ ಬ್ಯಾರೆ. ನಾ ಬಾಯಿ ಬಿಟ್ಟ ಕೇಳಿದ್ನಿ ರಿ, ಒಂದಽ ಸಲ ಅಲ್ಲ. ಕೆಲಸಾ ಬಿಟ್ಟ ಹೋಗು ಅಂದ. ಸಾಲಿನಾಗ ನಮ್ಮ ಮಂದೀನೂ ಇದ್ದಿಲ್ಲ, ಒಬ್ಬರಿಗಿ ಒಬ್ಬರ ಭಾಷಾ ತಿಳೀತಿದ್ದಿಲ್ಲ." ಮಗಳ ಬಾಯಿಗೆ ಹತ್ತಿದ್ದ ಚಟ್ನಿಪುಡಿ ಒರೆಸುತ್ತ ಮುಂದುವರಿಸಿದಳು, "ಅಲ್ಲೆ ನಿಮ್ಮಂಥಾ ಅಕ್ಕಾರು ಯಾರೂ ಇದ್ದಿಲ್ರಿ."

ಅವಳು ಉಪಕಾರ ನೆನೆದು ಆಡಿದ ಮಾತು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಒಂದು ಕೂಸು ಉಳಿಯುವುದಕ್ಕೆ ಗೋಡೆಯಾಚೆ ಬಟ್ಟೆ ಒಣಹಾಕುವ, ಭಾಷೆ ಬಲ್ಲ, ಮಧ್ಯಾಹ್ನ ಬಿಡುವಿರುವ ಒಬ್ಬ ಹೆಂಗಸು ಇರಬೇಕೇ? ಇಲ್ಲದಿದ್ದರೆ ಸಾಯಬೇಕೇ? ಬಸ್ಸು ಬಂತು. ಅವಳು ನನ್ನ ಚೀಲ ಎತ್ತಿ ಒಳಗಿಟ್ಟಳು. "ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ" ಎಂದಳು.

"ನಿನ್ನ ಮ್ಯಾಲಲ್ಲ."

"ಗೊತ್ತೈತ್ರಿ."

ಧಾರವಾಡದಲ್ಲಿ ಆ ಸಲ ನನಗೆ ಯಾರ ಮಾತೂ ಕಿವಿಗೆ ಬೀಳಲಿಲ್ಲ. ಮರಳಿ ಬಂದವಳೇ ಹಳೆಯ ಪರಿಚಯದ ಇಬ್ಬರು ಸ್ವಯಂಸೇವಕಿಯರನ್ನು ಕಂಡೆ. ಅವರಿಗೂ ನನ್ನ ಹಾಗೆಯೇ ಬೇಸರ ಬಂದಿತ್ತು. ಸಂಸ್ಥೆ ಇಲ್ಲ, ಬಿಲ್ಲೆ ಇಲ್ಲ, ನಾವೇ ಮೂವರು. ಕಾತ್ರಜದ ಕಡೆ, ಕೋಥರೂಡಿನ ಕಡೆ ಎಲ್ಲಿ ಹೊಸ ಶೆಡ್ಡುಗಳು ಬಿದ್ದರೂ ಹೋಗತೊಡಗಿದೆವು. ಆದರೆ ಈಗ ನಾವು ಮೊದಲು ಬಸುರಿಯ ಬಳಿ ಹೋಗುತ್ತಿರಲಿಲ್ಲ. ಹಾಲಿನ ಗುಣ ಅವಳಿಗೆ ಆಮೇಲೆ ಹೇಳಿದರಾಯಿತು. ನೇರವಾಗಿ ಮುಕಾದಮನ ಎದುರು ಹೋಗಿ ನಿಲ್ಲುತ್ತಿದ್ದೆವು.

"ಹಾಲು ಕುಡಿಸೂ ಹೆಣಮಕ್ಳು ಎಷ್ಟ ಮಂದಿ ಅದಾರ್ರಿ ನಿಮ್ಮಲ್ಲೆ?"

"ಯಾಕ್ರಿ?"

"ಅವರನ್ನ ಯಾವಾಗ ಯಾವಾಗ ಕೆಳಗ ಬಿಡತೀರಿ ಅಂತ ಕೇಳ್ಲಿಕ್ಕೆ ಬಂದೀವಿ."

ಕೆಲವರು ಕುರ್ಚಿ ಕೊಟ್ಟರು. ಕೆಲವರು ನಾಯಿ ಬಿಡುತ್ತೇವೆಂದರು. ಒಬ್ಬ ನಮ್ಮ ಮುಖಕ್ಕೇ ಗೇಟು ಹಾಕಿದ. ಮರುದಿನ ಬೆಳಿಗ್ಗೆ, ಹೆಂಗಸರು ಮೇಲೆ ಹತ್ತುವುದಕ್ಕೆ ಮುಂಚೆಯೇ, ಅದೇ ಗೇಟಿನ ಮುಂದೆ ಹೋಗಿ ಕೂತೆವು.